ದೂರದ ದ್ವೀಪಕ್ಕೆ ಮೊದಲ ದೀರ್ಘ ವಿಮಾನಯಾನ: ಎರಡು ಟಿಕೆಟ್‌ಗಳಲ್ಲಿ ಯಾವುದು ಸರಿ?

ಕಡಲತೀರ:

ಎಲ್ಲರಿಗೂ ನಮಸ್ಕಾರ. ಫಿಜಿಯ ಯಾಸವಾ ದ್ವೀಪಗಳಲ್ಲಿ ಹತ್ತು ಹನ್ನೊಂದು ದಿನ ಕಳೆಯಬೇಕೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಹೋಗುವುದು ಜನವರಿಯಲ್ಲೋ ಮೇ ಕೊನೆಯಲ್ಲೋ ಎಂಬುದು ಮಾತ್ರ ಇನ್ನೂ ಖಚಿತವಾಗಿಲ್ಲ. ನಾನು, ನನ್ನ ಪತಿ, ಆರು ವರ್ಷದ ಮಗಳು ಮತ್ತು ಅರವತ್ತೆಂಟು ವರ್ಷದ ನಮ್ಮ ಅತ್ತೆ, ಹೀಗೆ ನಾಲ್ವರು ಹೊರಡುವವರು. ಐದು ಗಂಟೆಗಿಂತ ಹೆಚ್ಚು ಹೊತ್ತು ವಿಮಾನದಲ್ಲಿ ಕುಳಿತ ಅನುಭವ ನಮ್ಮಲ್ಲಿ ಯಾರಿಗೂ ಇಲ್ಲ.

ಸದ್ಯಕ್ಕೆ ನನ್ನ ಮುಂದೆ ಎರಡು ದಾರಿಗಳಿವೆ. ಮೊದಲನೆಯದು ಸಿಂಗಾಪುರದ ಮೂಲಕ ಹೋಗುವ ಒಂದೇ ಟಿಕೆಟ್. ಅಲ್ಲಿ ನಾಲ್ಕು ಗಂಟೆ ಕಾದು, ರಾತ್ರಿಯ ವಿಮಾನ ಹಿಡಿದು, ಬೆಳಿಗ್ಗೆ ಎಂಟೂವರೆಗೆ ಫಿಜಿ ತಲುಪುತ್ತೇವೆ. ಎರಡನೆಯದು ಸಿಡ್ನಿಯ ಮೂಲಕ, ಬೇರೆ ಬೇರೆ ಸಂಸ್ಥೆಗಳ ಎರಡು ಟಿಕೆಟ್‌ಗಳನ್ನು ನಾವೇ ಜೋಡಿಸಿಕೊಂಡು ಹೋಗುವುದು. ಸಿಡ್ನಿಯಲ್ಲಿ ಎರಡು ಗಂಟೆ ಹತ್ತು ನಿಮಿಷ ಸಿಗುತ್ತದೆ, ಮಧ್ಯಾಹ್ನ ಮೂರೂವರೆಗೆ ಫಿಜಿಯಲ್ಲಿ ಇಳಿಯುತ್ತೇವೆ. ಇದರ ದರ ಮೊದಲನೆಯದಕ್ಕಿಂತ ಸುಮಾರು ಕಾಲು ಭಾಗ ಕಡಿಮೆ. ಇಳಿದ ಕೂಡಲೇ ಸೀಪ್ಲೇನ್ ಹತ್ತಿದರೆ ಅದೇ ಸಂಜೆ ನಮ್ಮ ದ್ವೀಪದಲ್ಲಿರಬಹುದು, ಒಂದು ರಾತ್ರಿಯ ಹೋಟೆಲ್ ಖರ್ಚೂ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಮನಸ್ಸು ಎರಡನೆಯದರ ಕಡೆಗೇ ವಾಲಿದೆ. ಅನುಭವಸ್ಥರು ತಿದ್ದಬೇಕೆಂದು ಕೋರುತ್ತೇನೆ.

ಹಳೆಯ ಪ್ರಯಾಣಿಕ:

ಮೇಡಂ, ಎರಡೂ ಟಿಕೆಟ್‌ಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ನಿಮ್ಮ ದ್ವೀಪಕ್ಕೆ ಹೋಗುವ ಕೊನೆಯ ದೋಣಿ ಅಥವಾ ಕೊನೆಯ ಸೀಪ್ಲೇನ್ ಎಷ್ಟು ಗಂಟೆಗೆ ಹೊರಡುತ್ತದೆ ಎಂಬುದನ್ನು ಮೊದಲು ನೋಡಿ. ದ್ವೀಪಗಳ ಪ್ರವಾಸವನ್ನು ಮನೆಯ ಬಾಗಿಲಿನಿಂದ ಆರಂಭಿಸಿ ಯೋಜಿಸಿದವರೆಲ್ಲ ಕಡೆಯ ನಲವತ್ತು ಮೈಲಿಯಲ್ಲಿ ಎಡವುತ್ತಾರೆ. ಸಾವಿರಾರು ಮೈಲಿ ಹಾರುವ ದೊಡ್ಡ ವಿಮಾನ ರಾತ್ರಿ ಹಗಲೆನ್ನದೆ ಇಳಿಯುತ್ತದೆ. ಅಲ್ಲಿಂದ ಮುಂದಕ್ಕೆ ಒಯ್ಯುವ ಸಣ್ಣ ವಾಹನಕ್ಕೆ ಆ ಸ್ವಾತಂತ್ರ್ಯವಿಲ್ಲ.

ಸೀಪ್ಲೇನ್ ನೀರಿನ ಮೇಲೆ ಇಳಿಯಬೇಕು; ಅಲ್ಲಿ ರನ್‌ವೇಯೂ ಇಲ್ಲ, ದೀಪಗಳ ಸಾಲೂ ಇಲ್ಲ. ಪೈಲಟ್ ಅಲೆಯನ್ನೂ ಹವಳದ ದಿಬ್ಬವನ್ನೂ ಕಣ್ಣಾರೆ ಕಂಡೇ ಇಳಿಸಬೇಕಾದ್ದರಿಂದ ಅದು ಹಗಲಿನಲ್ಲಿ ಮಾತ್ರ ಹಾರುತ್ತದೆ. ಮಾಲ್ದೀವ್ಸ್‌ನಲ್ಲೂ ಇದೇ ನಿಯಮ; ಮಧ್ಯಾಹ್ನ ತಡವಾಗಿ ಬಂದಿಳಿದವರು ವಿಮಾನ ನಿಲ್ದಾಣದ ಆಸುಪಾಸಿನಲ್ಲೇ ರಾತ್ರಿ ಕಳೆಯುವುದು ಅಲ್ಲಿ ನಿತ್ಯದ ದೃಶ್ಯ. ಫಿಜಿ ದಕ್ಷಿಣಾರ್ಧಗೋಳದಲ್ಲಿದೆ, ಮೇ ಕೊನೆಯೆಂದರೆ ಅಲ್ಲಿ ಚಳಿಗಾಲದ ಹೊಸ್ತಿಲು. ಸಂಜೆ ಐದೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಉಷ್ಣವಲಯವಾದ್ದರಿಂದ ಮುಸ್ಸಂಜೆಯೂ ಹೆಚ್ಚು ಹೊತ್ತು ಉಳಿಯುವುದಿಲ್ಲ. ಮೂರೂವರೆಗೆ ವಿಮಾನ ನೆಲ ಮುಟ್ಟಿ, ವಲಸೆ ತಪಾಸಣೆ ಮುಗಿಸಿ, ಸಾಮಾನು ಪಡೆದು ಹೊರಬರುವಾಗ ನಾಲ್ಕೂಕಾಲೋ ನಾಲ್ಕೂವರೆಯೋ ಆಗಿರುತ್ತದೆ. ಆ ಹೊತ್ತಿಗೆ ನಿಮ್ಮನ್ನು ಕರೆದೊಯ್ಯಲು ಯಾವ ಪೈಲಟ್ಟೂ ಕಾದಿರುವುದಿಲ್ಲ.

ಇನ್ನು ದೋಣಿಯ ವಿಷಯ. ಯಾಸವಾಕ್ಕೆ ಹೋಗುವ ದೊಡ್ಡ ಕ್ಯಾಟಮರಾನ್ ದೆನಾರೌ ಬಂದರಿನಿಂದ ಬೆಳಿಗ್ಗೆ ಹೊರಟು, ದ್ವೀಪದಿಂದ ದ್ವೀಪಕ್ಕೆ ನಿಲ್ಲುತ್ತಾ ಉತ್ತರಕ್ಕೆ ಸಾಗಿ, ಸಂಜೆಗೆ ಹಿಂದಿರುಗುತ್ತದೆ. ತೀರಾ ಉತ್ತರದ ದ್ವೀಪಗಳಿಗೆ ನಾಲ್ಕು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಎಂಟೂವರೆಗೆ ಇಳಿದರೂ ಅಂದಿನ ದೋಣಿ ನಿಮಗೆ ಸಿಗುವುದಿಲ್ಲ. ಅಂದಮೇಲೆ ದೋಣಿಯಲ್ಲೇ ಹೋಗುವುದಾದರೆ ಎರಡೂ ದಾರಿಗಳಲ್ಲಿ ಒಂದು ರಾತ್ರಿ ಮುಖ್ಯ ದ್ವೀಪದಲ್ಲಿ ತಂಗಲೇಬೇಕು. ನೀವು ಉಳಿಯಿತೆಂದುಕೊಂಡ ರಾತ್ರಿ ನಿಜಕ್ಕೂ ಉಳಿದಿಲ್ಲ.

ಅಂದಹಾಗೆ, ನೀವಿಳಿಯುವ ಊರನ್ನು ನಕ್ಷೆಯಲ್ಲಿ ನೋಡಿ ‘ನಾಡಿ’ ಎಂದು ಓದಬೇಡಿ. ಫಿಜಿ ಭಾಷೆಯ ಬರವಣಿಗೆಯಲ್ಲಿ ‘d’ ಅಕ್ಷರಕ್ಕೆ ಮುಂಚೆ ಒಂದು ಅನುನಾಸಿಕ ಅಡಗಿರುತ್ತದೆ, ಉಚ್ಚರಿಸುವುದು ‘ನಾಂದಿ’ ಎಂದೇ. ನಿಮ್ಮ ಪ್ರವಾಸಕ್ಕೆ ನಾಂದಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿದೆ.

ಗಡಿಬಿಡಿ:

ಎರಡು ಬೇರೆ ಟಿಕೆಟ್‌ಗಳ ಬಗ್ಗೆ ನಾನೊಂದು ಮಾತು ಹೇಳಲೇಬೇಕು, ಏಕೆಂದರೆ ಆ ಪಾಠವನ್ನು ದುಡ್ಡು ಕೊಟ್ಟು ಕಲಿತವನು ನಾನು. ಕೆಲವು ವರ್ಷಗಳ ಹಿಂದೆ ಇದೇ ರೀತಿ ಎರಡು ಟಿಕೆಟ್‌ಗಳನ್ನು ಜೋಡಿಸಿಕೊಂಡು ಹೊರಟಿದ್ದೆ. ಮೊದಲ ವಿಮಾನ ಒಂದೂಮುಕ್ಕಾಲು ಗಂಟೆ ತಡವಾಯಿತು. ಎರಡನೆಯ ಸಂಸ್ಥೆಯ ಕೌಂಟರ್ ಮುಚ್ಚಿದ ಹತ್ತು ನಿಮಿಷಕ್ಕೆ ನಾನು ಅದರೆದುರು ಏದುಸಿರು ಬಿಡುತ್ತಾ ನಿಂತಿದ್ದೆ. ಅವರ ದೃಷ್ಟಿಯಲ್ಲಿ ನಾನು ಬಾರದೇ ಉಳಿದ ಪ್ರಯಾಣಿಕ, ಅಷ್ಟೇ. ಮೊದಲ ವಿಮಾನ ತಡವಾದುದಕ್ಕೂ ಅವರಿಗೂ ಸಂಬಂಧವಿಲ್ಲ. ಅದಕ್ಕಿಂತ ಹೆಚ್ಚು ಕುಟುಕಿದ ಸಂಗತಿಯೆಂದರೆ, ಹೋಗುವ ದಾರಿಯಲ್ಲಿ ಹಾಜರಾಗದಿದ್ದುದರಿಂದ ಅದೇ ಟಿಕೆಟ್‌ನ ವಾಪಸಾತಿಯ ಭಾಗವೂ ತಾನಾಗಿಯೇ ರದ್ದಾಗಿತ್ತು.

ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದು ಮೊದಲ ವಿಮಾನದ ವಿಳಂಬದಿಂದ ಎರಡನೆಯದು ತಪ್ಪಿದರೆ, ಮುಂದಿನ ವಿಮಾನದಲ್ಲಿ ಕೂರಿಸಿ ತಲುಪಿಸುವ ಹೊಣೆ ಟಿಕೆಟ್ ಕೊಟ್ಟವರದು. ನೀವು ಉಳಿಸುವ ಆ ಕಾಲು ಭಾಗ ಈ ಹೊಣೆಯ ಬೆಲೆ ಎಂದೇ ತಿಳಿಯಿರಿ. ಒಬ್ಬನೇ ಹೋಗುವುದಾದರೆ ಈಗಲೂ ನಾನು ಆ ಜೂಜು ಆಡಿಯೇನು, ಆದರೆ ಹಿರಿಯರನ್ನೂ ಮಗುವನ್ನೂ ಕರೆದುಕೊಂಡು ಹೋಗುವಾಗ ಆಡಲಾರೆ.

ನಕ್ಷೆಗಾರ:

ಗಡಿಬಿಡಿಯವರ ಮಾತಿಗೆ ಒಂದು ಸೇರ್ಪಡೆ. ಬೇರೆ ಟಿಕೆಟ್‌ಗಳಾದರೆ ಸಿಡ್ನಿಯಲ್ಲಿ ನೀವು ಬಹುಶಃ ಸಾಮಾನು ಪಡೆಯಲು ಹೊರಬಂದು ಮತ್ತೆ ಚೆಕ್-ಇನ್ ಮಾಡಬೇಕಾಗುತ್ತದೆ. ಹೊರಬರುವುದೆಂದರೆ ಆಸ್ಟ್ರೇಲಿಯಾವನ್ನು ಪ್ರವೇಶಿಸುವುದು, ಅದಕ್ಕೆ ವೀಸಾ ಬೇಕು. ಹೊರಗೆ ಕಾಲಿಡದೆ ವಿಮಾನ ಬದಲಿಸುವವರಿಗೂ ಅಲ್ಲಿ ಅನೇಕ ದೇಶಗಳ ಪಾಸ್‌ಪೋರ್ಟ್‌ಗೆ ಟ್ರಾನ್ಸಿಟ್ ವೀಸಾ ಕಡ್ಡಾಯ. ಫಿಜಿಯೋ, ನೂರಕ್ಕೂ ಹೆಚ್ಚು ದೇಶಗಳವರಿಗೆ ಮುಂಗಡ ವೀಸಾ ಕೇಳುವುದಿಲ್ಲ. ಸೇರುವ ಊರು ಬಾಗಿಲು ತೆರೆದಿಟ್ಟಿದ್ದರೂ ನಡುದಾರಿಯ ಊರು ತಡೆಯಬಹುದೆಂಬುದು ಮೊದಲ ಬಾರಿ ಹೊರಡುವವರಿಗೆ ಹೊಳೆಯುವುದೇ ಇಲ್ಲ. ಅಮೆರಿಕದ ಮೂಲಕ ತಹೀತಿಗೋ ಕೆರಿಬಿಯನ್ ದ್ವೀಪಗಳಿಗೋ ಹೋಗುವವರಿಗೂ ಇದೇ ಪೇಚು. ಅಲ್ಲಿ ವಿಮಾನ ಬದಲಿಸುವವರೆಲ್ಲರೂ ವಲಸೆ ತಪಾಸಣೆಯ ಮೂಲಕವೇ ಹಾದುಹೋಗಬೇಕು. ಜೊತೆಗೆ, ನಾಲ್ವರ ಪಾಸ್‌ಪೋರ್ಟ್‌ಗಳಿಗೂ ಆರು ತಿಂಗಳಿಗಿಂತ ಹೆಚ್ಚಿನ ಅವಧಿ ಉಳಿದಿದೆಯೇ ಎಂದು ಇಂದೇ ನೋಡಿ. ಮಕ್ಕಳ ಪಾಸ್‌ಪೋರ್ಟ್‌ನ ಅವಧಿ ದೊಡ್ಡವರದಕ್ಕಿಂತ ಬೇಗ ಮುಗಿಯುವುದರಿಂದ ಅಲ್ಲೇ ಹೆಚ್ಚಿನವರು ಸಿಕ್ಕಿಬೀಳುತ್ತಾರೆ.

ಸಿಡ್ನಿ ನಿಲ್ದಾಣದಲ್ಲಿ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರರವರೆಗೆ ವಿಮಾನಗಳ ಓಡಾಟಕ್ಕೆ ಬಿಗಿಯಾದ ನಿರ್ಬಂಧವಿದೆ ಎಂಬುದನ್ನೂ ನೆನಪಿಡಿ. ನಸುಕಿನಲ್ಲಿ ದೂರದಿಂದ ಬರುವ ವಿಮಾನಗಳೆಲ್ಲ ಆರರ ನಂತರ ಒಂದರ ಹಿಂದೊಂದು ಇಳಿಯುವುದರಿಂದ ಆ ಹೊತ್ತಿನ ಸರತಿ ಸಾಲು ಸಣ್ಣದಾಗಿರುವುದಿಲ್ಲ. ಎರಡು ಗಂಟೆ ಹತ್ತು ನಿಮಿಷ ಕಾಗದದ ಮೇಲೆ ಸಾಕೆನಿಸುತ್ತದೆ, ನೆಲದ ಮೇಲೆ ಸಾಲದು.

ಕಡಲತೀರ:

ಎಲ್ಲರಿಗೂ ಧನ್ಯವಾದಗಳು. ಸಿಡ್ನಿಯ ದಾರಿಯನ್ನು ಕೈಬಿಟ್ಟಿದ್ದೇನೆ. ಟ್ರಾನ್ಸಿಟ್ ವೀಸಾದ ವಿಷಯ ನನ್ನ ಕನಸಿನಲ್ಲೂ ಬಂದಿರಲಿಲ್ಲ. ಆದರೆ ಕಾಲದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಜನವರಿಯಲ್ಲಿ ವಸತಿ ಸುಲಭವಾಗಿ ಸಿಗುತ್ತಿದೆ, ಅಲ್ಲಿ ಆಗ ಬೇಸಿಗೆ ಎಂದೂ ಓದಿದೆ. ಬೇಸಿಗೆಯಾದರೆ ಸಮುದ್ರಸ್ನಾನಕ್ಕೆ ಒಳ್ಳೆಯದೇ ಅಲ್ಲವೇ? ಇನ್ನೊಂದು ಮಾತು: ಅತ್ತೆಯವರಿಗೆ ರಕ್ತದೊತ್ತಡವಿದೆ, ಮೊಣಕಾಲು ನೋವೂ ಇದೆ. ಹತ್ತು ಗಂಟೆ ಒಂದೇ ಸಮ ಕೂರುವುದು ಅವರಿಂದ ಸಾಧ್ಯವೇ ಎಂಬುದು ನನ್ನ ದೊಡ್ಡ ಚಿಂತೆ.

ಹಳೆಯ ಪ್ರಯಾಣಿಕ:

ವಸತಿ ಸುಲಭವಾಗಿ ಸಿಗುವುದಕ್ಕೆ ಕಾರಣ ಆ ಬೇಸಿಗೆಯೇ. ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತಗಳ ಕಾಲ. ಸಮುದ್ರದ ಮೇಲ್ಮೈ ಬಿಸಿಯೇರಿದಷ್ಟೂ ಅವಕ್ಕೆ ಬಲ. 2016ರ ಫೆಬ್ರವರಿ 20ರಂದು ಫಿಜಿಗೆ ಅಪ್ಪಳಿಸಿದ ವಿನ್‌ಸ್ಟನ್ ಐದನೆಯ ಶ್ರೇಣಿಯ ಚಂಡಮಾರುತವಾಗಿತ್ತು, ಅದರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಪ್ರತಿ ಜನವರಿಯಲ್ಲೂ ಅಂಥದು ಬರುತ್ತದೆಂದಲ್ಲ. ಆದರೆ ಸಣ್ಣದೊಂದು ವಾಯುಭಾರ ಕುಸಿತವಾದರೂ ದೋಣಿ ನಿಲ್ಲುತ್ತದೆ, ಸೀಪ್ಲೇನ್ ಏಳುವುದಿಲ್ಲ, ನೀವು ದ್ವೀಪದಲ್ಲೇ ಉಳಿದು ದೊಡ್ಡ ವಿಮಾನ ನಿಮ್ಮನ್ನು ಬಿಟ್ಟು ಹಾರುತ್ತದೆ. ಮೇಯಿಂದ ಅಕ್ಟೋಬರ್‌ವರೆಗಿನದು ಅಲ್ಲಿ ಒಣಹವೆಯ ಕಾಲ. ಆಗಲೂ ನೀರು ಬೆಚ್ಚಗೇ ಇರುತ್ತದೆ. ಎರಡೇ ಆಯ್ಕೆಗಳಿರುವಾಗ ನನ್ನ ಮತ ಮೇ ತಿಂಗಳಿಗೆ.

ಎಲ್ಲ ಉಷ್ಣವಲಯದ ದ್ವೀಪಗಳಿಗೂ ಒಂದೇ ಪಂಚಾಂಗವಿಲ್ಲ ಎಂಬುದನ್ನು ಮುಂದೆ ಇದನ್ನು ಓದುವವರಿಗಾಗಿ ಹೇಳಿಬಿಡುತ್ತೇನೆ. ಮಾರಿಷಸ್ ಮತ್ತು ರಿಯೂನಿಯನ್‌ಗಳದು ಹೆಚ್ಚುಕಡಿಮೆ ಫಿಜಿಯ ಲೆಕ್ಕವೇ. ಕೆರಿಬಿಯನ್‌ನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತಗಳ ಕಾಲ. ಮಾಲ್ದೀವ್ಸ್ ಸಮಭಾಜಕದ ಬಗಲಿನಲ್ಲೇ ಇರುವುದರಿಂದ ಅಲ್ಲಿ ಚಂಡಮಾರುತದ ಹಾವಳಿ ವಿರಳ, ನೋಡಬೇಕಾದದ್ದು ಮುಂಗಾರು ಯಾವಾಗ ಎಂಬುದನ್ನು.

ಬಿಳಿಕೋಟು:

ಅತ್ತೆಯವರ ಬಗ್ಗೆ. ಹೊರಡುವುದಕ್ಕೆ ಮೂರು ನಾಲ್ಕು ವಾರ ಮೊದಲು ಅವರ ವೈದ್ಯರನ್ನು ಕಾಣುವುದು ಮೊದಲ ಕೆಲಸ. ನಾನು ಇಲ್ಲಿ ಬರೆಯುವುದು ಅದಕ್ಕೆ ಬದಲಿಯಲ್ಲ.

ವಿಮಾನದೊಳಗಿನ ಗಾಳಿಯ ಒತ್ತಡ ಸಮುದ್ರಮಟ್ಟದ್ದಲ್ಲ. ಹೆಚ್ಚಿನ ವಿಮಾನಗಳಲ್ಲಿ ಅದು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮ. ಬೋಯಿಂಗ್ 787, ಏರ್‌ಬಸ್ ಎ350ಗಳಲ್ಲಿ ಆರು ಸಾವಿರದ ಆಸುಪಾಸಿನಲ್ಲಿ ಇಡುತ್ತಾರೆ. ತೇವಾಂಶ ಶೇಕಡಾ 20ಕ್ಕಿಂತಲೂ ಕೆಳಗಿಳಿಯುತ್ತದೆ. ಹತೋಟಿಯಲ್ಲಿರುವ ರಕ್ತದೊತ್ತಡದವರಿಗೆ ಇದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಬಾಯಿ ಒಣಗುತ್ತದೆ, ಆಯಾಸ ಹೆಚ್ಚುತ್ತದೆ. ಗಮನ ಕೊಡಬೇಕಾದದ್ದು ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆಗೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆ ಅಥವಾ ಅದಕ್ಕಿಂತ ದೀರ್ಘವಾದ ಪ್ರಯಾಣದ ನಂತರ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಹಾಗೆಂದು ಗಾಬರಿಯಾಗಬೇಡಿ, ಎರಡು ಪಟ್ಟಾದ ಮೇಲೂ ಅದು ಅಂದಾಜು ಆರು ಸಾವಿರದಲ್ಲಿ ಒಬ್ಬರಿಗೆ. ವಿಮಾನವೇ ಆಗಬೇಕೆಂದಿಲ್ಲ, ಕದಲದೆ ಕೂರುವುದೇ ಕಾರಣವಾದ್ದರಿಂದ ಬಸ್ಸು, ರೈಲುಗಳಿಗೂ ಈ ಮಾತು ಅನ್ವಯಿಸುತ್ತದೆ.

ಹಾಗಾಗಿ ಅವರಿಗೆ ಕಿಟಕಿಯ ಬದಿ ಬೇಡ, ನಡುದಾರಿಯ ಪಕ್ಕದ ಆಸನವನ್ನೇ ಈಗಲೇ ಕಾಯ್ದಿರಿಸಿ. ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ, ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಲಿ. ಕಾಲಿಗೆ ಬಿಗಿಯುವ ಕಂಪ್ರೆಷನ್ ಸ್ಟಾಕಿಂಗ್ಸ್ ಬೇಕೇ, ಎಷ್ಟು ಬಿಗಿಯದು ಬೇಕು ಎಂಬುದನ್ನು ವೈದ್ಯರೇ ಹೇಳಲಿ. ಮಾತ್ರೆಗಳೆಲ್ಲ ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯ ಸಮೇತ, ಕೈಚೀಲದಲ್ಲಿರಲಿ. ಗಾಲಿಕುರ್ಚಿಯ ನೆರವು ಬೇಕೆಂದು ವಿಮಾನ ಸಂಸ್ಥೆಗೆ ಕನಿಷ್ಠ 48 ಗಂಟೆ ಮೊದಲು ತಿಳಿಸಿ. ನಡೆಯಬಲ್ಲವರಿಗೆ ಅದೇಕೆ ಎಂದು ಹಿರಿಯರು ಸಂಕೋಚಪಡುತ್ತಾರೆ, ಆದರೆ ದೊಡ್ಡ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ನಡೆಯುವ ದೂರ ಮೊಣಕಾಲಿಗೆ ಹತ್ತು ಗಂಟೆಯ ಕೂರುವಿಕೆಗಿಂತ ಹೆಚ್ಚು ನೋವು ಕೊಡುತ್ತದೆ.

ಮಗುವಿಗೆ ಕಷ್ಟವಾಗುವುದು ವಿಮಾನ ಇಳಿಯುವಾಗ, ಏರುವಾಗಲ್ಲ. ಇಳಿಯಲು ಆರಂಭಿಸಿದ ಕೂಡಲೇ ಎಬ್ಬಿಸಿ, ಏನನ್ನಾದರೂ ಚೀಪಲು ಕೊಡಿ. ನುಂಗುವಾಗ ಕಿವಿಯ ಒತ್ತಡ ಸರಿಹೋಗುತ್ತದೆ. ಫಿಜಿಯಲ್ಲಿ ಮಲೇರಿಯಾ ಇಲ್ಲ, ಡೆಂಗಿ ಇದೆ. ಹಗಲು ಕಚ್ಚುವ ಸೊಳ್ಳೆಯದು ಆ ಕಾಯಿಲೆ, ಆದ್ದರಿಂದ ಸೊಳ್ಳೆ ಮುಲಾಮನ್ನು ರಾತ್ರಿಗಷ್ಟೇ ಮೀಸಲಿಡಬೇಡಿ.

ಗಡಿಬಿಡಿ:

ಜೆಟ್ ಲ್ಯಾಗ್ ಬಗ್ಗೆಯೂ ಹೇಳಿಬಿಡೋಣ. ನನ್ನ ಉಪಾಯ ಸರಳ: ಇಳಿದ ಕೂಡಲೇ ಬೆಳಗಿನ ಬಿಸಿಲಿನಲ್ಲಿ ಒಂದು ಗಂಟೆ ನಡೆದಾಡಿ, ದೇಹ ಆ ಊರಿನ ಗಡಿಯಾರಕ್ಕೆ ಹೊಂದಿಕೊಳ್ಳುತ್ತದೆ.

ಬಿಳಿಕೋಟು:

ಎಲ್ಲರೂ ಹೇಳುವ ಉಪಾಯವದು, ಆದರೆ ಇವರ ವಿಷಯದಲ್ಲಿ ಅದು ತಿರುಗುಬಾಣವಾಗಬಹುದು. ಇವರು ಹಾರುವುದು ಪೂರ್ವಕ್ಕೆ, ಸಿಂಗಾಪುರಕ್ಕಿಂತಲೂ ಹಿಂದಿನಿಂದ ಹೊರಡುವುದರಿಂದ ಕಾಲವ್ಯತ್ಯಾಸ ಆರು ಗಂಟೆಯ ಆಸುಪಾಸಿನದೆಂದು ಊಹಿಸುತ್ತೇನೆ. ನಮ್ಮ ದೇಹದ ಉಷ್ಣತೆ ಅತಿ ಕೆಳಗಿಳಿಯುವುದು ಸಹಜವಾಗಿ ಏಳುವ ಹೊತ್ತಿಗಿಂತ ಎರಡು ಮೂರು ಗಂಟೆ ಮುಂಚೆ, ಎಂದರೆ ಮನೆಯ ಗಡಿಯಾರದ ನಾಲ್ಕು ಐದು ಗಂಟೆಗೆ. ಆ ಕ್ಷಣದ ನಂತರ ಬೀಳುವ ಬೆಳಕು ದೇಹದ ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಮುಂಚೆ ಬಿದ್ದ ಬೆಳಕು ಹಿಂದಕ್ಕೆ ಎಳೆಯುತ್ತದೆ. ಮನೆಯ ನಾಲ್ಕೂವರೆ ಎಂದರೆ ಫಿಜಿಯ ಹತ್ತೂವರೆ. ಎಂಟೂವರೆಗೆ ಇಳಿದು ಬಿಸಿಲಿಗೆ ನಿಂತರೆ ಮುಂದಕ್ಕೆ ಹೋಗಬೇಕಾದ ಗಡಿಯಾರ ಹಿಂದಕ್ಕೆ ಸರಿಯುತ್ತದೆ. ಮೊದಲ ದಿನ ಹನ್ನೊಂದರವರೆಗೆ ಕಪ್ಪು ಕನ್ನಡಕ ಧರಿಸಿ ನೆರಳಿನಲ್ಲಿರಿ, ಆಮೇಲೆ ಧಾರಾಳವಾಗಿ ಬೆಳಕಿಗೆ ಬನ್ನಿ. ಮರುದಿನದಿಂದ ದಿನಕ್ಕೊಂದು ಗಂಟೆಯಂತೆ ಮುಂಚಿತವಾಗಿ ಬೆಳಕಿಗೆ ಬರುತ್ತಾ ಹೋದರೆ ಸಾಕು. ಪೂರ್ವಕ್ಕೆ ಹೋದವರ ದೇಹ ಹೊಂದಿಕೊಳ್ಳುವುದೂ ಹೆಚ್ಚುಕಡಿಮೆ ಅದೇ ವೇಗದಲ್ಲಿ.

ಗಡಿಬಿಡಿ:

ಹಾಗಾದರೆ ನಾನು ಇಷ್ಟು ವರ್ಷ ಪೂರ್ವಕ್ಕೆ ಹೋದಾಗಲೆಲ್ಲ ಮೂರನೆಯ ದಿನವೂ ನಡುರಾತ್ರಿ ಎದ್ದು ಕೂರುತ್ತಿದ್ದುದಕ್ಕೆ ಕಾರಣ ಈಗ ತಿಳಿಯಿತು. ಮಾತನ್ನು ಹಿಂತೆಗೆದುಕೊಂಡಿದ್ದೇನೆ.

ನಕ್ಷೆಗಾರ:

ಸಾಮಾನಿನ ವಿಷಯದಲ್ಲೂ ಹಳೆಯ ಪ್ರಯಾಣಿಕರ ಸೂತ್ರವೇ ನಡೆಯಲಿ, ಎಂದರೆ ಕೊನೆಯ ವಾಹನ ಎಷ್ಟು ಹೊರಬಲ್ಲುದೋ ಅಷ್ಟನ್ನೇ ಮನೆಯಿಂದ ಒಯ್ಯಿರಿ. ದೊಡ್ಡ ವಿಮಾನ ತಲೆಗೆ 30 ಕಿಲೋ ಕೊಟ್ಟರೂ ಸೀಪ್ಲೇನ್ ಅಥವಾ ಸಣ್ಣ ಒಳನಾಡು ವಿಮಾನ ಅದರ ಅರ್ಧವನ್ನಷ್ಟೇ ಒಪ್ಪಬಹುದು. ದೋಣಿ ಈ ವಿಷಯದಲ್ಲಿ ಉದಾರಿ, ಆದರೆ ಕೆಲವು ದ್ವೀಪಗಳಲ್ಲಿ ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ಇಳಿದು, ಮೊಣಕಾಲುದ್ದದ ನೀರಿನಲ್ಲಿ ದಡ ಸೇರಬೇಕಾಗುತ್ತದೆ. ಗಾಲಿಯ ಸೂಟ್‌ಕೇಸ್ ಮರಳಿನ ಮೇಲೆ ಉರುಳುವುದಿಲ್ಲ. ಅತ್ತೆಯವರ ಮೊಣಕಾಲಿನ ದೃಷ್ಟಿಯಿಂದ, ಜೆಟ್ಟಿ ಇರುವ ದ್ವೀಪವನ್ನೇ ಆರಿಸಿಕೊಳ್ಳಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಒಳಗೆ ಹಾಕುವ ಸಾಮಾನಿನಲ್ಲಿ ಇಡುವಂತಿಲ್ಲ. 100 ವ್ಯಾಟ್-ಅವರ್ ಮಿತಿಯೊಳಗಿನದಕ್ಕೆ ಸಾಮಾನ್ಯವಾಗಿ ಮುಂಗಡ ಅನುಮತಿ ಬೇಕಿಲ್ಲ. 20,000 ಮಿಲಿಆಂಪ್-ಅವರ್ ಎಂದು ಬರೆದಿರುವುದು 74 ವ್ಯಾಟ್-ಅವರ್ ಆಗುತ್ತದೆ, ಆದ್ದರಿಂದ ಚಿಂತೆಯಿಲ್ಲ. ಸಾಮಾನು ತಡವಾಗಿ ಬಂದರೆ ನಿಲ್ದಾಣ ಬಿಡುವ ಮುನ್ನ ವರದಿ ಬರೆಸಿ ಪ್ರತಿಯನ್ನು ಪಡೆಯಿರಿ. 1999ರ ಮಾಂಟ್ರಿಯಲ್ ಒಪ್ಪಂದದಂತೆ ಹಾನಿಯಾಗಿದ್ದರೆ ಏಳು ದಿನಗಳೊಳಗೆ, ತಡವಾಗಿದ್ದರೆ ಸಾಮಾನು ಕೈಸೇರಿದ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ದ್ವೀಪದಲ್ಲಿ ಕುಳಿತಾಗ ಈ ಏಳು ದಿನ ಗೊತ್ತಾಗದಂತೆ ಕಳೆದುಹೋಗುತ್ತವೆ. ನಾಲ್ವರ ಒಂದೊಂದು ದಿನದ ಬಟ್ಟೆಯನ್ನು ಕೈಚೀಲಗಳಲ್ಲಿ ಇಟ್ಟುಕೊಂಡಿರಿ. ತಡವಾದ ಪೆಟ್ಟಿಗೆ ನಾಂದಿಗೆ ಬಂದರೂ ದ್ವೀಪಕ್ಕೆ ಬರಲು ಅದೂ ಮರುದಿನದ ದೋಣಿಯನ್ನೇ ಕಾಯಬೇಕು.

ಕಡಲತೀರ:

ನಿಮ್ಮೆಲ್ಲರ ಸಲಹೆಯಂತೆ ಸಿಂಗಾಪುರದ ಮೂಲಕ ಹೋಗುವ ಒಂದೇ ಟಿಕೆಟ್ ತೆಗೆದುಕೊಂಡಿದ್ದೇವೆ, ಮೇ ಕೊನೆಯ ವಾರಕ್ಕೆ. ಇಳಿದ ದಿನ ನಾಂದಿಯ ಹತ್ತಿರ ಒಂದು ರಾತ್ರಿ. ಕೊಠಡಿ ಮಧ್ಯಾಹ್ನ ಎರಡಕ್ಕೆ ಸಿಗುವುದೆಂದು ಹೇಳಿದ್ದರಿಂದ, ಅತ್ತೆಯವರಿಗಾಗಿ ಹಿಂದಿನ ರಾತ್ರಿಯಿಂದಲೇ ಕಾಯ್ದಿರಿಸಿದ್ದೇನೆ. ಮರುದಿನ ಬೆಳಗಿನ ಕ್ಯಾಟಮರಾನ್. ಜೆಟ್ಟಿ ಇರುವ ದ್ವೀಪವನ್ನೇ ಆರಿಸಿದ್ದೇವೆ. ಮರಳುವಾಗ ಶನಿವಾರದ ದೋಣಿಯಲ್ಲಿ ಸಂಜೆ ದೆನಾರೌ ತಲುಪಿ, ಶನಿವಾರ ರಾತ್ರಿ ಹೋಟೆಲಿನಲ್ಲಿ ತಂಗಿ, ಭಾನುವಾರ 00:40ರ ವಿಮಾನ ಹತ್ತುತ್ತೇವೆ. ಶುಕ್ರವಾರ ಮಧ್ಯಾಹ್ನ ನನ್ನ ಪತಿಗೆ ಸ್ಕೂಬಾ ಡೈವಿಂಗ್ ಮಾಡುವ ಆಸೆಯಿದೆ. ಎಲ್ಲವೂ ಸರಿಯಾಗಿದೆಯೇ?

ಹಳೆಯ ಪ್ರಯಾಣಿಕ:

ಡೈವಿಂಗ್‌ಗೆ ತೊಂದರೆಯಿಲ್ಲ. ಒಂದಕ್ಕಿಂತ ಹೆಚ್ಚು ಬಾರಿ ಮುಳುಗಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಬಿಡಬೇಕು ಎಂಬುದು ಸಾಮಾನ್ಯ ಮಾರ್ಗಸೂಚಿ, ನಿಮಗೆ ಅದಕ್ಕಿಂತ ಹೆಚ್ಚೇ ಸಿಗುತ್ತದೆ. ಸ್ನಾರ್ಕೆಲಿಂಗ್‌ಗೆ ಈ ಕಟ್ಟುಪಾಡೇ ಇಲ್ಲ.

ಆದರೆ ವಿಮಾನದ ವೇಳೆಯನ್ನು ಇನ್ನೊಮ್ಮೆ ಓದಿ. ಭಾನುವಾರ 00:40 ಎಂದರೆ ಶನಿವಾರ ನಡುರಾತ್ರಿ ಕಳೆದ ನಲವತ್ತು ನಿಮಿಷಕ್ಕೆ. ನೀವು ಹೋಟೆಲಿನಲ್ಲಿ ಮಲಗಿರಬೇಕೆಂದುಕೊಂಡ ಹೊತ್ತಿನಲ್ಲಿ ವಿಮಾನ ಹಾರಿಹೋಗಿರುತ್ತದೆ. ಶನಿವಾರ ಸಂಜೆ ದೆನಾರೌನಲ್ಲಿ ಇಳಿದವರು ಅದೇ ರಾತ್ರಿ ಒಂಬತ್ತೂವರೆಗೆಲ್ಲ ನಿಲ್ದಾಣದಲ್ಲಿರಬೇಕು, ಸಮುದ್ರ ಕೆರಳಿ ಅಂದಿನ ದೋಣಿ ನಿಂತರೆ ಬೇರೆ ದಾರಿಯೇ ಇಲ್ಲ. ಶುಕ್ರವಾರದ ದೋಣಿಗೇ ಮರಳಿ ಬನ್ನಿ, ಶುಕ್ರವಾರ ರಾತ್ರಿ ಹೋಟೆಲಿನಲ್ಲಿ ತಂಗಿ. ಶನಿವಾರ ಸಂಜೆಯವರೆಗೆ ಕೊಠಡಿ ಬಿಡದಂತೆ ಆ ರಾತ್ರಿಯ ಕಾಯ್ದಿರಿಸುವಿಕೆಯನ್ನೂ ಹಾಗೇ ಉಳಿಸಿಕೊಳ್ಳಿ. ಡೈವಿಂಗ್ ಗುರುವಾರಕ್ಕೆ ಸರಿಯಲಿ.

ಕಡಲತೀರ:

ಅಯ್ಯೋ, ಟಿಕೆಟ್ಟನ್ನು ನಾಲ್ಕು ಸಲ ಓದಿದ್ದೆ. ಈಗ ಅತ್ತೆಯವರಿಗೂ ತೋರಿಸಿದೆ. ‘ಇದು ಶನಿವಾರ ರಾತ್ರಿಯೇ ಅಲ್ಲವೇನಮ್ಮ’ ಎಂದು ಅವರು ಮೊದಲ ನೋಟಕ್ಕೇ ಹೇಳಿಬಿಟ್ಟರು. ದ್ವೀಪದವರಿಗೂ ದೋಣಿಯವರಿಗೂ ದಿನ ಬದಲಿಸುವಂತೆ ಈಗಷ್ಟೇ ಬರೆದಿದ್ದೇನೆ.